ಸೇರಿದ ಮೇಲಿನ ಎರಡನೇ ಯೋಚನೆ: ಒಂದು ಗಡಿ ಸೀಮೆಯ ಕಾಲೇಜು ಚರಿತ್ರೆ

ಜೂನ್-ಜುಲೈ ತಿಂಗಳು ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಗಳಲ್ಲಿ ಒಂದು ಪ್ರಶ್ನೆ ತಲೆ ಎತ್ತುತ್ತದೆ. ಫೀಸು ಕಟ್ಟಿ ಆಗಿರುತ್ತದೆ, ಟಿ.ಸಿ. ಮತ್ತು ಮಾರ್ಕ್ಸ್ ಕಾರ್ಡುಗಳು ಕಾಲೇಜಿನ ಕಪಾಟು ಸೇರಿರುತ್ತವೆ, ಹಾಸ್ಟೆಲ್ಲಿಗೆ ಟ್ರಂಕು ಹೋಗಿರುತ್ತದೆ. ಆಮೇಲೆ ಹುಡುಗನೋ ಹುಡುಗಿಯೋ ಮೆಲ್ಲಗೆ ಬಾಯಿಬಿಡುತ್ತಾರೆ: "ನಾನು ಸೇರಬೇಕಾದದ್ದು ಇಲ್ಲಿಗಲ್ಲವೇನೋ." ಮನೆಯ ಹಿರಿಯರ ಉತ್ತರ ಸಾಮಾನ್ಯವಾಗಿ ಒಂದೇ: "ಸೇರಿದ್ದಾಯಿತು, ಇನ್ನೇನು ಮಾತು?" ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಹುಡುಗಿಯಾದರೆ ಚರ್ಚೆ ಇನ್ನೂ ಬೇಗ ಮುಗಿಯುತ್ತದೆ. ಹೆಚ್ಚು ಮಾತಾಡಿದರೆ ಕಾಲೇಜೇ ಬೇಡ, ಮನೆಯಲ್ಲಿರು ಎಂಬ ತೀರ್ಪು ಬಂದೀತೆಂಬ ಭಯ ಅವಳಿಗಿರುತ್ತದೆ.

ಇದನ್ನು ಚಂಚಲ ಮನಸ್ಸಿನ ಕಾಯಿಲೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ. ಯಾವ ಕಾಲೇಜನ್ನು ಆರಿಸಬೇಕೆಂಬ ಅವಕಾಶ ಯಾರಿಗಿತ್ತು, ಆರಿಸಿದ್ದನ್ನು ಬದಲಿಸುವ ಸ್ವಾತಂತ್ರ್ಯ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದನ್ನು ನೋಡುತ್ತಾ ಹೋದರೆ ನಮ್ಮ ಸೀಮೆಯ ಇನ್ನೂರು ವರ್ಷಗಳ ಕತೆಯ ಒಂದು ಎಳೆ ಕೈಗೆ ಸಿಗುತ್ತದೆ. ಆ ಎಳೆಯನ್ನು ಹಿಡಿದು ಸ್ವಲ್ಪ ದೂರ ನಡೆಯೋಣ.

ಹತ್ತು ಮೈಲಿಯ ಅಂತರ, ಎರಡು ರಾಜ್ಯ

ಇಂದು ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸು ಹತ್ತಿದರೆ ಅರ್ಧ ಗಂಟೆಯೂ ಬೇಕಿಲ್ಲ. ದೂರ ಸುಮಾರು ಹತ್ತು ಮೈಲಿ. ಆದರೆ 1956ರವರೆಗೆ ಈ ಹತ್ತು ಮೈಲಿಯ ನಡುವೆ ಒಂದು ಗಡಿ ಇತ್ತು. 1799ರಲ್ಲಿ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದ ಮೇಲೆ ಮೈಸೂರು ರಾಜ್ಯವನ್ನು ಹಂಚಿಕೊಂಡಾಗ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಕೊಳ್ಳೇಗಾಲವೂ ಅದರ ಜೊತೆಗೆ ಹೋಗಿ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯ ತಾಲೂಕಾಯಿತು. ಹನೂರು, ಮಲೆಮಹದೇಶ್ವರ ಬೆಟ್ಟದ ಕಾಡುಗಳು ಆಗ ಈ ಕೊಳ್ಳೇಗಾಲ ತಾಲೂಕಿನ ಭಾಗವೇ. ಹನೂರು ಪ್ರತ್ಯೇಕ ತಾಲೂಕಾದದ್ದು ಈಚೆಗೆ.

ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹೈದರ್ ಮತ್ತು ಟಿಪ್ಪುವಿನ ಆಡಳಿತದಲ್ಲಿ ದುಡಿದು, ಆಮೇಲೆ ಒಡೆಯರ ದಿವಾನರಾದವರು ಪೂರ್ಣಯ್ಯ. ಅವರ ವಂಶದ ಪಿ.ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಹೀಗೆ ಸುವರ್ಣಾವತಿ ನದಿಯ ದಂಡೆಯ ಚಿಕ್ಕ ಯಳಂದೂರಿಗೆ ಮೈಸೂರು ಅರಮನೆಯ ಜೊತೆ ನೇರ ನಂಟಿತ್ತು. ಪಕ್ಕದ ಕೊಳ್ಳೇಗಾಲದ ಕಡತಗಳು ಮಾತ್ರ ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ ಕೊಯಮತ್ತೂರಿಗೆ ಹೋಗಬೇಕಿತ್ತು.

ಮನೆಯ ಭಾಷೆ ಒಂದೇ, ಹಬ್ಬ ಒಂದೇ, ಸಂತೆ ಒಂದೇ, ಹೆಣ್ಣು ಕೊಟ್ಟು ತರುವ ಸಂಬಂಧವೂ ಒಂದೇ. ಆದರೆ ಮಗ ಓದಿ ಮುಂದೆ ಬರಬೇಕೆಂದು ಆಸೆಪಟ್ಟ ತಂದೆಯ ಮುಂದಿನ ದಾರಿಗಳು ಬೇರೆ ಬೇರೆ. ಯಳಂದೂರಿನವನಿಗೆ ಮೈಸೂರಿನ ಮಹಾರಾಜ ಕಾಲೇಜು. ಕೊಳ್ಳೇಗಾಲದವನ ಸರ್ಕಾರ ತೋರಿಸುವ ದಾರಿ ಕೊಯಮತ್ತೂರಿನ ಸರ್ಕಾರಿ ಕಾಲೇಜು, ಅದನ್ನೂ ದಾಟಿದರೆ ಮದರಾಸು. ಹತ್ತಿರದ ಊರು ಮೈಸೂರು, ಸರ್ಕಾರದ ಊರು ಕೊಯಮತ್ತೂರು. ಯಾವುದನ್ನು ಆರಿಸಿದರೂ ಇನ್ನೊಂದನ್ನು ಬಿಟ್ಟೆನಲ್ಲ ಎಂಬ ಯೋಚನೆ ಉಳಿಯುವಂತಹ ಸ್ಥಿತಿ ಅದು. ಅಲ್ಲಿ ಅನುಮಾನ ವಿದ್ಯಾರ್ಥಿಯ ಮನಸ್ಸಿಗಿಂತ ಮೊದಲು ನಕ್ಷೆಯ ಮೇಲೆಯೇ ಇತ್ತು.

ಎರಡು ವಿಶ್ವವಿದ್ಯಾಲಯ, ಎರಡು ನ್ಯಾಯ

ಮದರಾಸು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಮೈಸೂರಿನ ಕಾಲೇಜುಗಳೂ ಬಹುಕಾಲ ಅದಕ್ಕೇ ಸೇರಿದ್ದವು. ಆದ್ದರಿಂದ 1916ರವರೆಗೆ ಗಡಿಯ ಈಚೆ ಓದಿದರೂ ಆಚೆ ಓದಿದರೂ ಪದವಿ ಕೊಡುವ ವಿಶ್ವವಿದ್ಯಾಲಯ ಒಂದೇ. 1916ರ ಜುಲೈಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ದಾರಿ ಕವಲೊಡೆಯಿತು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು, 1924ರಲ್ಲಿ ವೈದ್ಯಕೀಯ ಕಾಲೇಜು, 1928ರಲ್ಲಿ ಮೈಸೂರಿನಲ್ಲಿ ಯುವರಾಜ ಕಾಲೇಜು ಬಂದವು. ಯಳಂದೂರಿನ ಹುಡುಗ ಇವುಗಳ ಬಾಗಿಲಲ್ಲಿ ಸ್ವಂತ ರಾಜ್ಯದ ಪ್ರಜೆ. ಕೊಳ್ಳೇಗಾಲದ ಹುಡುಗ ಅದೇ ಕನ್ನಡ ಮಾತಾಡಿದರೂ ಪರರಾಜ್ಯದವನು.

ಸೀಟು ಯಾರಿಗೆ, ನೌಕರಿ ಯಾರಿಗೆ ಎಂಬ ನ್ಯಾಯವೂ ಎರಡು ಕಡೆ ಬೇರೆ ಬೇರೆಯಾಗಿ ಬೆಳೆಯಿತು. ಮೈಸೂರಿನಲ್ಲಿ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಲಾಯಿತು. ಮರುವರ್ಷ ಬಂದ ಅದರ ವರದಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು, ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ ಬೇಕೆಂದಿತು. ಆ ವರ್ಗಗಳ ಲೆಕ್ಕದಲ್ಲಿ ಮುಸ್ಲಿಮರೂ ಇದ್ದರು. ಈ ನೀತಿಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟದ್ದು ಎಲ್ಲರಿಗೂ ತಿಳಿದ ಸಂಗತಿ. ಮುಂದೆ 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರೇ.

ಗಡಿಯಾಚೆ ಮದರಾಸಿನಲ್ಲಿ ಜಸ್ಟಿಸ್ ಪಕ್ಷದ ಕಾಲದ ಕಮ್ಯೂನಲ್ ಜಿ.ಓ. ನಡೆಯುತ್ತಿತ್ತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಅಲ್ಲಿನ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರತಿ 14 ಸೀಟುಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಕ್ರೈಸ್ತರು ಮತ್ತು ಆಂಗ್ಲೋ-ಇಂಡಿಯನ್ನರಿಗೆ 1, ಮುಸ್ಲಿಮರಿಗೆ 1 ಎಂಬ ಹಂಚಿಕೆ ಇತ್ತು. 1951ರ ಏಪ್ರಿಲ್‌ನಲ್ಲಿ ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ರದ್ದು ಮಾಡಿತು. ಎರಡೇ ತಿಂಗಳಲ್ಲಿ ಸಂಸತ್ತು ಸಂವಿಧಾನದ ಮೊದಲ ತಿದ್ದುಪಡಿ ತಂದು 15(4)ನೇ ವಿಧಿಯನ್ನು ಸೇರಿಸಿತು.

ಇದೆಲ್ಲ ದೂರದ ಮದರಾಸಿನ ಸುದ್ದಿ ಎಂದು ನಾವು ಓದುತ್ತೇವೆ. ಆದರೆ 1951ರಲ್ಲಿ ಕೊಳ್ಳೇಗಾಲ ಮದರಾಸು ರಾಜ್ಯದಲ್ಲೇ ಇತ್ತು. ಕೊಳ್ಳೇಗಾಲದ ಮುಸ್ಲಿಂ ಯುವಕನೊಬ್ಬನಿಗೆ ಡಾಕ್ಟರಾಗುವ ಆಸೆ ಇದ್ದರೆ ಅವನ ಲೆಕ್ಕ ಆ ಹದಿನಾಲ್ಕರಲ್ಲಿ ಒಂದಕ್ಕೆ ಬರುತ್ತಿತ್ತು. ಹತ್ತು ಮೈಲಿ ಆಚೆಯ ಯಳಂದೂರಿನಲ್ಲಿರುವ ಅವನ ಸೋದರಮಾವನ ಮಗನ ಲೆಕ್ಕವೇ ಬೇರೆ. ಒಂದೇ ಕುಟುಂಬದ ಇಬ್ಬರಿಗೆ ಎರಡು ಕಾನೂನು!

ಒಂದು ತಾಲೂಕು ಬಂತು, ಒಂದು ತಾಲೂಕು ಹೋಯಿತು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಬಂತು. ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯೂ ಬಂತು, ಆದರೆ ಅದರ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಒಂದೇ ಕಾಯಿದೆ, ಒಂದೇ ದಿನ. ಕೊಳ್ಳೇಗಾಲದ ವಿದ್ಯಾರ್ಥಿಗೆ ಮೈಸೂರು ಪರರಾಜ್ಯವಲ್ಲದಾಯಿತು. ಕಾಸರಗೋಡಿನ ವಿದ್ಯಾರ್ಥಿಗೆ ಮಂಗಳೂರು ಪರರಾಜ್ಯವಾಯಿತು. ಕಾಸರಗೋಡಿನಲ್ಲಿ 1957ರಲ್ಲಿ ಸರ್ಕಾರಿ ಕಾಲೇಜು ಬಂದರೂ ಅಲ್ಲಿನ ಮಕ್ಕಳು ಮಂಗಳೂರಿನ ಕಾಲೇಜುಗಳಿಗೆ ಬರುವುದು ನಿಲ್ಲಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಅರವತ್ತನಾಲ್ಕು ವರ್ಷಗಳ ಹಿಂದೆ ಎಳೆದ ಗೆರೆ ಎಷ್ಟು ಗಟ್ಟಿ ಎಂಬುದು ರೋಗಿಗಳಿಗೂ ವಿದ್ಯಾರ್ಥಿಗಳಿಗೂ ಗೊತ್ತಾಯಿತು.

1956ರಲ್ಲಿ ಕೊಯಮತ್ತೂರಿನಲ್ಲೋ ಮದರಾಸಿನಲ್ಲೋ ಅರ್ಧ ಓದು ಮುಗಿಸಿದ್ದ ಕೊಳ್ಳೇಗಾಲದವರ ಸ್ಥಿತಿಯನ್ನು ಊಹಿಸಿಕೊಳ್ಳಿ. ಅವರು ಕಾಲೇಜು ಬದಲಿಸಿರಲಿಲ್ಲ; ರಾಜ್ಯವೇ ಬದಲಾಗಿತ್ತು. ಕೈಯಲ್ಲಿರುವುದು ಮದರಾಸು ವಿಶ್ವವಿದ್ಯಾಲಯದ ಪ್ರಮಾಣಪತ್ರ, ಮುಂದೆ ಅರ್ಜಿ ಹಾಕಬೇಕಾದದ್ದು ಮೈಸೂರು ಸರ್ಕಾರಕ್ಕೆ. ಅದೇ ವರ್ಷ ಕುವೆಂಪು ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, 1960ರವರೆಗಿನ ಅವಧಿಯಲ್ಲಿ ಕನ್ನಡದಲ್ಲಿ ಉನ್ನತ ಶಿಕ್ಷಣ ಕೊಡುವ ಮಾತನ್ನು ಗಟ್ಟಿಯಾಗಿ ಆಡಿದರು, ಮಾನಸಗಂಗೋತ್ರಿಯನ್ನು ಕಟ್ಟಿದರು. ಕೊಳ್ಳೇಗಾಲದ ಕನ್ನಡ ಶಾಲೆಯ ಮಕ್ಕಳಿಗೆ ಅದು ಹೊಸ ಬಾಗಿಲು.

ಆದರೆ ಹೊಸ ರಾಜ್ಯದಲ್ಲೂ ನಿಯಮಗಳು ನಿಂತಲ್ಲಿ ನಿಲ್ಲಲಿಲ್ಲ. 1962ರಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68ನ್ನು ಮೀಸಲಿಟ್ಟ ಸರ್ಕಾರದ ಆದೇಶವನ್ನು ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದೇ ಸೆಪ್ಟೆಂಬರ್‌ನಲ್ಲಿ ಅನೂರ್ಜಿತಗೊಳಿಸಿತು. ಮುಂದೆ ದೇವರಾಜ ಅರಸು ಅವರ ಕಾಲದ ಹಾವನೂರು ಆಯೋಗ, 1990ರ ದಶಕದಲ್ಲಿ ಮುಸ್ಲಿಮರಿಗೆ ಶೇ. 4ರ 2ಬಿ ಪ್ರವರ್ಗ, ಅದೇ ದಶಕದಲ್ಲಿ ಸಿ.ಇ.ಟಿ. 2023ರ ಮಾರ್ಚ್‌ನಲ್ಲಿ ಆ ಶೇ. 4ನ್ನು ರದ್ದು ಮಾಡುವ ಆದೇಶ ಬಂತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆದೇಶ ಜಾರಿಯಾಗದೆ ನಿಂತಿತು. ಆ ವಾರಗಳಲ್ಲಿ ಸಿ.ಇ.ಟಿ.ಗೆ ಓದುತ್ತಿದ್ದ ಮಕ್ಕಳು ಯಾವ ಲೆಕ್ಕದಲ್ಲಿ ಕಾಲೇಜು ಆರಿಸಬೇಕಿತ್ತು? ಆಯ್ಕೆ ಎಂಬುದು ವಿದ್ಯಾರ್ಥಿ ಒಬ್ಬನೇ ಕೂತು ಮಾಡುವ ತೀರ್ಮಾನವಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಮರುಯೋಚನೆ ಮಾಡಿದ ದೊಡ್ಡವರು

ಸೇರಿದ ಕಾಲೇಜನ್ನು ಬಿಟ್ಟವರೆಲ್ಲ ಹಾಳಾದರೆಂಬ ಮಾತು ನಮ್ಮ ಕಡೆ ಇದೆ. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಮೋಹನದಾಸ ಗಾಂಧಿ 1888ರಲ್ಲಿ ಭಾವನಗರದ ಸಾಮಲದಾಸ್ ಕಾಲೇಜಿಗೆ ಸೇರಿದರು. ಪಾಠ ತಲೆಗೆ ಹತ್ತಲಿಲ್ಲ. ಒಂದು ಅವಧಿ ಮುಗಿಸಿ ಊರಿಗೆ ಬಂದರು. ಕುಟುಂಬದ ಹಿತೈಷಿಯೊಬ್ಬರು ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗಲೆಂದು ಸಲಹೆ ಕೊಟ್ಟರು. ಅದೇ ಸೆಪ್ಟೆಂಬರ್‌ನಲ್ಲಿ ಅವರು ಹಡಗು ಹತ್ತಿದರು. ಅದಕ್ಕಾಗಿ ಜಾತಿಯವರು ಬಹಿಷ್ಕಾರ ಹಾಕಿದ್ದೂ ಉಂಟು.

ಆರ್.ಕೆ. ನಾರಾಯಣ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1930ರಲ್ಲಿ ಬಿ.ಎ. ಮುಗಿಸಿದರು. ಎಂ.ಎ. ಸೇರಲು ಅರ್ಜಿ ಕೇಳಲೆಂದು ಮೆಟ್ಟಿಲು ಹತ್ತುವಾಗ ಎದುರಾದ ಗೆಳೆಯ, ಸಾಹಿತ್ಯದ ಮೇಲಿನ ಪ್ರೀತಿ ಉಳಿಯಬೇಕಾದರೆ ಸಾಹಿತ್ಯದ ಎಂ.ಎ. ಬೇಡವೆಂದನಂತೆ. ಅವರು ಅಲ್ಲಿಂದಲೇ ತಿರುಗಿದರು. ಶಿವರಾಮ ಕಾರಂತರು ಅಸಹಕಾರ ಚಳವಳಿಯ ದಿನಗಳಲ್ಲಿ ಕಾಲೇಜು ಬಿಟ್ಟರು, ಮತ್ತೆ ಅತ್ತ ಹೋಗಲಿಲ್ಲ. ಇನ್ನೊಂದು ಬಗೆಯವರೂ ಇದ್ದಾರೆ. ನಮ್ಮ ಕೆ.ಎಸ್. ನಿಸಾರ್ ಅಹಮದ್ ಓದಿದ್ದು ಭೂವಿಜ್ಞಾನ. ಅದರಲ್ಲೇ ಸ್ನಾತಕೋತ್ತರ ಪದವಿ ಪಡೆದು, ಅದನ್ನೇ ಕಾಲೇಜುಗಳಲ್ಲಿ ಪಾಠ ಮಾಡಿದರು. ಕನ್ನಡದ ಕವಿಯಾಗಲು ಅವರು ಕಲ್ಲು-ಖನಿಜಗಳ ಪಾಠವನ್ನು ಬಿಡಬೇಕಾಗಲಿಲ್ಲ. ಅಂದರೆ ಓದಿದ ವಿಷಯಕ್ಕೂ ಬಾಳಿನ ಹಾದಿಗೂ ನಾವು ಅಂದುಕೊಂಡಷ್ಟು ಬಿಗಿಯಾದ ಗಂಟಿಲ್ಲ.

ಮುಸ್ಲಿಂ ಶಿಕ್ಷಣದ ಚರಿತ್ರೆಯಲ್ಲಂತೂ ಈ ಮರುಯೋಚನೆ ಒಂದು ವಿಶ್ವವಿದ್ಯಾಲಯವನ್ನೇ ಹುಟ್ಟಿಸಿದೆ. 1920ರ ಅಕ್ಟೋಬರ್‌ನಲ್ಲಿ ಗಾಂಧೀಜಿ ಮತ್ತು ಅಲಿ ಸಹೋದರರು ಅಲಿಗಢಕ್ಕೆ ಹೋಗಿ ಬ್ರಿಟಿಷ್ ಸರ್ಕಾರದ ಹಣದಿಂದ ನಡೆಯುವ ಕಾಲೇಜನ್ನು ಬಿಟ್ಟು ಬನ್ನಿ ಎಂದರು. ಸರ್ ಸೈಯದರ ಕಾಲೇಜು ಸೇರುವುದೆಂದರೆ ಅಂದಿನ ಮುಸ್ಲಿಂ ಮನೆತನಗಳಿಗೆ ಜನ್ಮ ಸಾರ್ಥಕವಾದಂತೆ. ಅಂಥದ್ದನ್ನು ಬಿಟ್ಟು ಹೊರಬಂದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಂದ ಅಕ್ಟೋಬರ್ 29ರಂದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಪ್ರಾರಂಭವಾಯಿತು. ಹಾಗೆ ಹೊರಬಂದವರಲ್ಲಿ 23 ವರ್ಷದ ಝಾಕಿರ್ ಹುಸೇನ್ ಒಬ್ಬರು. ಜಾಮಿಯಾಕ್ಕೆ ಹಣವಿರಲಿಲ್ಲ, ಪದವಿಗೆ ಸರ್ಕಾರದ ಮಾನ್ಯತೆ ಇರಲಿಲ್ಲ. 1925ರಲ್ಲಿ ಅದು ದೆಹಲಿಗೆ ಬಂತು. 1926ರಲ್ಲಿ ಜರ್ಮನಿಯಿಂದ ಡಾಕ್ಟರೇಟ್ ಪಡೆದು ಮರಳಿದ ಝಾಕಿರ್ ಹುಸೇನರು ಅದರ ಹೊಣೆ ಹೊತ್ತರು. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳದೆ 20 ವರ್ಷ ದುಡಿಯುತ್ತೇವೆಂದು ಅಲ್ಲಿನ ಅಧ್ಯಾಪಕರು ಪ್ರತಿಜ್ಞೆ ಮಾಡಿದರು.

ಈ ಕತೆಯ ಕೊನೆಯೂ ಗಮನಿಸತಕ್ಕದ್ದು. 1948ರಲ್ಲಿ ಅದೇ ಝಾಕಿರ್ ಹುಸೇನರು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಯಾಗಿ ಹೋದರು. ದೇಶವಿಭಜನೆಯ ನಂತರ ಅನುಮಾನದ ಕಣ್ಣಿಗೆ ಗುರಿಯಾಗಿದ್ದ ಆ ಸಂಸ್ಥೆಯನ್ನು 1956ರವರೆಗೆ ಕಾಪಾಡಿದರು. ತಾವು ತೊರೆದ ಕಾಲೇಜನ್ನು ಅವರು ಶತ್ರು ಎಂದು ತಿಳಿಯಲಿಲ್ಲ, ಆ ಕಾಲೇಜೂ ಅವರನ್ನು ದ್ರೋಹಿ ಎನ್ನಲಿಲ್ಲ. ಬಿಡುವುದಕ್ಕೂ ಮರಳುವುದಕ್ಕೂ ಅಲ್ಲಿ ದಾರಿ ಇತ್ತು.

ಇನ್ನೂ ಹಿಂದೆ ಹೋಗುವುದಾದರೆ ಇಮಾಂ ಗಝ್ಝಾಲಿಯವರಿದ್ದಾರೆ. ಬಗ್ದಾದಿನ ನಿಝಾಮಿಯ್ಯಾ ಮದ್ರಸಾದ ಮುಖ್ಯ ಗುರುಪೀಠ ಆ ಕಾಲದ ವಿದ್ವತ್ತಿನ ಶಿಖರ. 1095ರಲ್ಲಿ ಅವರಿಗೆ ತಾವು ಮಾಡುತ್ತಿರುವ ಕೆಲಸದ ಉದ್ದೇಶದ ಬಗ್ಗೆಯೇ ಸಂಶಯ ಹುಟ್ಟಿತು. ಹೋಗಲೋ ಇರಲೋ ಎಂದು ಸುಮಾರು ಆರು ತಿಂಗಳು ತೊಳಲಾಡಿದರು, ಮಾತೇ ಹೊರಡದ ಸ್ಥಿತಿಗೆ ಬಂದರು. ಕೊನೆಗೆ ಪೀಠ ಬಿಟ್ಟು ಹೊರಟರು. ಹನ್ನೊಂದು ವರ್ಷಗಳ ನಂತರ, 1106ರಲ್ಲಿ, ನೀಶಾಪುರದ ನಿಝಾಮಿಯ್ಯಾದಲ್ಲಿ ಮತ್ತೆ ಪಾಠ ಹೇಳಲು ಕುಳಿತರು. ಆರು ತಿಂಗಳ ಆ ಹೊಯ್ದಾಟವನ್ನು ಅವರು ಮುಚ್ಚಿಡದೆ ಬರೆದಿಟ್ಟಿದ್ದಾರೆ. ಹದಿನೇಳು ವರ್ಷದ ಹುಡುಗಿಯೊಬ್ಬಳು ಕಾಲೇಜಿನ ಬಗ್ಗೆ ಎರಡು ವಾರ ಗೊಂದಲಪಟ್ಟರೆ ಗದರಿಸುವ ನಾವು ಇದನ್ನು ನೆನೆಯಬೇಕು.

ಯೋಚಿಸುವ ಅವಕಾಶವೇ ಸಿಗದವರು

ಆದರೆ ಈ ಎಲ್ಲ ಉದಾಹರಣೆಗಳಲ್ಲೂ ಒಂದು ಸಾಮ್ಯವಿದೆ. ಇವರೆಲ್ಲರೂ ಗಂಡಸರು. ಬಹುತೇಕರ ಬೆನ್ನಿಗೆ ಆಸ್ತಿಯೋ ವಿದ್ಯಾವಂತ ಕುಟುಂಬವೋ ಇತ್ತು. ಗಾಂಧೀಜಿಯ ತಂದೆ ದಿವಾನರಾಗಿದ್ದವರು, ನಾರಾಯಣರ ತಂದೆ ಮುಖ್ಯೋಪಾಧ್ಯಾಯರು. ಬಿದ್ದರೆ ಹಿಡಿಯಲು ಕೈಗಳಿದ್ದವು. ಕೈಗಳಿಲ್ಲದವರ ಗತಿಯೇನು?

ಯಳಂದೂರಿನ ಹೆಣ್ಣುಮಗಳು ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಅಲ್ಲಿನ ವಿದ್ವಾಂಸರ ಆಶ್ರಯದಲ್ಲಿ ಕಲಿತು 'ಹದಿಬದೆಯ ಧರ್ಮ' ಬರೆದಳು. ಹದಿನೇಳನೇ ಶತಮಾನದಲ್ಲಿ ಅದು ಅಪೂರ್ವ. ಆದರೆ ಆಕೆಗೆ ಪಾಠ ಸಿಕ್ಕಿದ್ದು ಊಳಿಗದ ದಾರಿಯಿಂದ, ಆಯ್ಕೆಯ ದಾರಿಯಿಂದಲ್ಲ. ಇಪ್ಪತ್ತನೇ ಶತಮಾನದಲ್ಲಿ ಕಾಸರಗೋಡಿನ ಸಾರಾ ಅಬೂಬಕ್ಕರ್ ತಮ್ಮ ಸಮುದಾಯದಲ್ಲಿ ಕನ್ನಡ ಶಾಲೆಯ ಓದು ಪಡೆದ ಮೊದಲ ಹೆಣ್ಣುಮಕ್ಕಳ ಸಾಲಿನವರು. ಶಾಲೆ ಮುಗಿದ ಮೇಲೆ ಮದುವೆಯಾಯಿತು, ಕಾಲೇಜು ಆಗಲಿಲ್ಲ. ಆ ಮುಚ್ಚಿದ ಬಾಗಿಲಿನ ನೋವು ಅವರ ಬರಹಗಳಲ್ಲಿ ಬೇರೆ ಬೇರೆ ರೂಪದಲ್ಲಿ ಬಂದಿದೆ. ಇದಕ್ಕೆ ಪ್ರತಿಯಾಗಿ ಬಾನು ಮುಷ್ತಾಕ್ ಅವರನ್ನು ನೋಡಿ. ಎಂಟರ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಳ್ಳುವಾಗ ಆರು ತಿಂಗಳಲ್ಲಿ ಕನ್ನಡ ಓದು-ಬರಹ ಕಲಿಯಬೇಕೆಂಬ ಷರತ್ತು ಹಾಕಿದ್ದರು. ಕಲಿತರು. 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಕನ್ನಡಕ್ಕೆ ಬಂತು. ಮನೆಯವರು ಮಾಡಿದ ಒಂದು ಮರುಯೋಚನೆ ಎಷ್ಟು ದೂರ ಹೋಗಬಲ್ಲದು!

ನಮ್ಮ ಸೀಮೆಯಲ್ಲಿ ಕೈಗಳಿಲ್ಲದವರೆಂದರೆ ರೇಷ್ಮೆ ನೂಲು ಬಿಚ್ಚುವ ಮನೆಗಳ ಮಕ್ಕಳು, ಹನೂರಿನ ಕಾಡಂಚಿನ ಒಣ ಬೇಸಾಯದ ಮಕ್ಕಳು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳು. ಕೊಳ್ಳೇಗಾಲ ಮದರಾಸು ಪ್ರಾಂತ್ಯದಲ್ಲಿದ್ದಾಗಲೇ ಆ ಪ್ರಾಂತ್ಯದ ಹಿಪ್ಪುನೇರಳೆ ಬೆಳೆಯ ಮುಖ್ಯ ನೆಲೆ. ರೇಷ್ಮೆಯಲ್ಲಿ ಬರುವ ದುಡ್ಡು ಗೂಡಿನ ಬೆಲೆಯ ಮೇಲೆ ಏರಿಳಿಯುತ್ತದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. ಇಂಥ ಮನೆಯಲ್ಲಿ ಒಂದು ಸಲ ಕಟ್ಟಿದ ಫೀಸು ಎರಡನೇ ಸಲ ಹುಟ್ಟುವುದಿಲ್ಲ. ಹಾಗಾಗಿ ಆ ಮಗುವಿಗೆ ಕಾಲೇಜು ಆರಿಸುವ ಅವಕಾಶ ಒಂದೇ ಒಂದು ಸಲ. ಸೋಲಿಗರಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಬೆಟ್ಟದ ಮೇಲೆಯೇ ಬಂದದ್ದರಿಂದ ಒಂದು ತಲೆಮಾರು ಓದಿ ಕಾಲೇಜಿನವರೆಗೆ ಬಂತು. ಹತ್ತಿರದಲ್ಲಿ ಸಂಸ್ಥೆ ಇದ್ದರೆ ಆಯ್ಕೆಯ ಬೆಲೆ ಇಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಸಾಚಾರ್ ಸಮಿತಿ 2006ರಲ್ಲಿ ಹೇಳಿದ್ದನ್ನು ಮರೆಯಬಾರದು. ದೇಶದ ಹೆಸರಾಂತ ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬರು, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರು. ಅಷ್ಟು ಕಡಿಮೆ ಜನ ಒಳಗೆ ಹೋಗುವಲ್ಲಿ, ಹೋದವರೊಬ್ಬರು ಗೊಂದಲದಿಂದ ಹೊರಬಂದು ಓದನ್ನೇ ನಿಲ್ಲಿಸಿದರೆ ಅದು ಒಂದು ಮನೆಯ ನಷ್ಟವಾಗಿ ಉಳಿಯುವುದಿಲ್ಲ.

ಸರ್ಕಾರಕ್ಕೂ ಎರಡನೇ ಯೋಚನೆ

ವಿದ್ಯಾರ್ಥಿ ಮನಸ್ಸು ಬದಲಿಸಿದರೆ ತಪ್ಪೆನ್ನುವ ವ್ಯವಸ್ಥೆ ತಾನು ಎಷ್ಟು ಸಲ ಮನಸ್ಸು ಬದಲಿಸಿದೆ? 2021ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದು ನಾಲ್ಕು ವರ್ಷದ ಪದವಿಯ ವ್ಯವಸ್ಥೆ ಮಾಡಿತು. 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. 2023ರಲ್ಲಿ ಚಾಮರಾಜನಗರಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಹಲವನ್ನು ಮುಚ್ಚುವ ವಿಚಾರ ಸಂಪುಟ ಉಪಸಮಿತಿಯಲ್ಲಿ ಚರ್ಚೆಗೆ ಬಂತು. 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶದ ನಂತರ ತಲೆವಸ್ತ್ರ ಧರಿಸುವ ಹುಡುಗಿಯರಲ್ಲಿ ಎಷ್ಟೋ ಮಂದಿ ವರ್ಷದ ನಡುವೆ ಟಿ.ಸಿ. ಪಡೆದು ಬೇರೆ ಕಾಲೇಜು ಹುಡುಕಬೇಕಾಯಿತು. ಆ ವರ್ಷ ಮಾರ್ಚ್‌ನಲ್ಲಿ ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬಾರದ ವಿಷಯದಲ್ಲಿ ಹದಿನಾರರ ಹುಡುಗಿ ಒಂದೇ ದಿನದಲ್ಲಿ ತೀರ್ಮಾನಿಸಬೇಕಿತ್ತು.

ಹಿಂದೆಗೆಯುವ ಹಕ್ಕು

ನಮ್ಮ ಫಿಕ್‌ಹ್‌ನಲ್ಲಿ 'ಖಿಯಾರ್' ಎಂಬ ಮಾತಿದೆ. ವ್ಯಾಪಾರ ಕುದುರಿದ ಮೇಲೂ ಗೊತ್ತಾದ ಮಿತಿಯೊಳಗೆ ಅದನ್ನು ಮುರಿಯುವ ಹಕ್ಕು. ಕರಾರಿನಲ್ಲಿ ಸೇರಿಸಿಕೊಂಡ ಖಿಯಾರ್‌ಗೆ ಇಮಾಂ ಅಬೂ ಹನೀಫಾ ಮತ್ತು ಇಮಾಂ ಶಾಫಿಈ ಮೂರು ದಿನಗಳ ಮಿತಿ ಹೇಳಿದ್ದಾರೆ. ಅವಧಿ ಮೀರಿದ ಮೇಲೂ ಕೊಂಡವನು ಪಶ್ಚಾತ್ತಾಪಪಟ್ಟು ಬಂದರೆ ಮಾರಿದವನು ಒಪ್ಪಿ ವಾಪಸು ತೆಗೆದುಕೊಳ್ಳುವುದಕ್ಕೆ 'ಇಖಾಲಾ' ಎನ್ನುತ್ತಾರೆ. ಹಾಗೆ ಮಾಡುವವನನ್ನು ಪ್ರವಾದಿಯವರು ಮೆಚ್ಚಿದ್ದಾರೆ. ಒಂದು ದನ, ಒಂದು ಮೂಟೆ ಗೋಧಿಯ ವ್ಯಾಪಾರದಲ್ಲೇ ಇಷ್ಟು ಎಚ್ಚರ ವಹಿಸಿದ ಸಂಪ್ರದಾಯ, ಒಂದು ಮಗುವಿನ ಬಾಳಿನ ವಿಷಯದಲ್ಲಿ "ಸೇರಿದ್ದಾಯಿತು" ಎಂದು ಬಾಯಿ ಮುಚ್ಚಿಸುವುದನ್ನು ಒಪ್ಪೀತೆ?

ದೇಶದ ಕಾನೂನೂ ಮೆಲ್ಲಮೆಲ್ಲಗೆ ಅತ್ತಲೇ ಬಂದಿದೆ, ಅದರಲ್ಲಿ ಕರ್ನಾಟಕದ ಪಾತ್ರ ದೊಡ್ಡದು. 1984ರಲ್ಲಿ ಇಲ್ಲಿ ಕ್ಯಾಪಿಟೇಶನ್ ಫೀಸು ನಿಷೇಧದ ಕಾಯಿದೆ ಬಂತು. 1992ರ ಮೋಹಿನಿ ಜೈನ್ ಮೊಕದ್ದಮೆ, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆ, 2003ರ ಇಸ್ಲಾಮಿಕ್ ಅಕಾಡೆಮಿ ಮೊಕದ್ದಮೆ ಮೂರೂ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದವು. ಕೊನೆಯದರಲ್ಲಿ ಕೋರ್ಟು ಕಾಲೇಜುಗಳು ಇಡೀ ಕೋರ್ಸಿನ ಫೀಸನ್ನು ಮುಂಗಡವಾಗಿ ಕಟ್ಟಿಸಿಕೊಳ್ಳಬಾರದು, ಒಂದು ವರ್ಷದ್ದನ್ನು ಮಾತ್ರ ಪಡೆಯಬೇಕು ಎಂದಿತು.

2018ರ ಅಕ್ಟೋಬರ್‌ನಲ್ಲಿ ಯು.ಜಿ.ಸಿ. ಹೊರಡಿಸಿದ ಸೂಚನೆಯನ್ನಂತೂ ನಮ್ಮ ಪ್ರತಿ ಮೊಹಲ್ಲಾದ ಮಸೀದಿಯ ಫಲಕದಲ್ಲಿ ಬರೆದು ಹಾಕಬೇಕು. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಬಿಟ್ಟರೆ ಫೀಸು ಪೂರ್ತಿ ವಾಪಸು, ಕಚೇರಿ ವೆಚ್ಚವೆಂದು ಶೇ. 5ರವರೆಗೆ, 5,000 ರೂಪಾಯಿ ಮೀರದಂತೆ ಮಾತ್ರ ಹಿಡಿಯಬಹುದು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇರುವಾಗ ಬಿಟ್ಟರೆ ಶೇ. 90. ಕೊನೆಯ ದಿನ ಕಳೆದು 15 ದಿನಗಳೊಳಗೆ ಶೇ. 80. 15ರಿಂದ 30 ದಿನಗಳೊಳಗೆ ಶೇ. 50. ಆಮೇಲೆ ಏನೂ ಇಲ್ಲ. ಇನ್ನೂ ಮುಖ್ಯವಾದದ್ದು, ಒರಿಜಿನಲ್ ಪ್ರಮಾಣಪತ್ರಗಳನ್ನು ಕಾಲೇಜು ತಡೆಹಿಡಿಯುವಂತಿಲ್ಲ. ಸಿ.ಇ.ಟಿ. ಸೀಟು ಹಂಚಿಕೆಯಲ್ಲೂ ಇದೇ ತತ್ವವಿದೆ: ಸಿಕ್ಕ ಸೀಟನ್ನು ಒಪ್ಪಿ ಸೇರುವುದು, ಒಪ್ಪಿಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಬೇಡವೆಂದು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಗೆ ಬರುವುದು ಎಂಬ ನಾಲ್ಕು ದಾರಿಗಳು. ಎರಡನೇ ಯೋಚನೆಗೆ ಸರ್ಕಾರವೇ ಜಾಗ ಇಟ್ಟಿದೆ. ಆದರೆ ಈ ಜಾಗಕ್ಕೆ ಗಡುವು ಇದೆ. ಗಡುವಿನೊಳಗೆ ಮಾತಾಡದೆ ಮನೆಯಲ್ಲಿ ಅಂಜಿ ಕೂತ ಮಗು ಅದನ್ನು ಕಳೆದುಕೊಳ್ಳುತ್ತದೆ. "ಸೇರಿದ್ದಾಯಿತು, ಇನ್ನೇನು" ಎಂಬ ಮಾತು ದುಬಾರಿಯಾಗುವುದು ಇಲ್ಲಿಯೇ.

ಹಾಗೆಂದು ಬಂದ ಅನುಮಾನವೆಲ್ಲ ಕಾಲೇಜು ಬಿಡಲು ಕಾರಣವಲ್ಲ. ಮೊದಲ ಎರಡು ವಾರ ಹಾಸ್ಟೆಲ್ಲಿನ ಊಟ, ಇಂಗ್ಲಿಷ್ ಪಾಠ, ಪರಿಚಯವಿಲ್ಲದ ಮುಖಗಳು ಯಾರನ್ನಾದರೂ ಕಂಗೆಡಿಸುತ್ತವೆ. ಅದು ಊರಿನ ನೆನಪು, ಕಾಲೇಜಿನ ದೋಷವಲ್ಲ. ಗೆಳೆಯನಿಗೆ ದೊಡ್ಡ ಹೆಸರಿನ ಕಾಲೇಜು ಸಿಕ್ಕಿತೆಂಬ ಸಂಕಟವೂ ಬೇರೆ. ಆದರೆ ಹೇಳಿದ ವಿಷಯಕ್ಕೆ ಅಧ್ಯಾಪಕರೇ ಇಲ್ಲ, ಕೋರ್ಸಿಗೆ ಮಾನ್ಯತೆ ಇಲ್ಲ, ಮುಂದಿನ ವರ್ಷದ ಫೀಸು ಹೊಂದಿಸಲು ಸಾಧ್ಯವೇ ಇಲ್ಲ, ಮಗುವಿಗೆ ಆ ವಿಷಯದಲ್ಲಿ ಎಳ್ಳಷ್ಟೂ ಮನಸ್ಸಿಲ್ಲ ಎಂದಾದರೆ ಅದು ಕೂತು ಮಾತಾಡಬೇಕಾದ ಸಂಗತಿ. ಇಸ್ತಿಖಾರಾ ಮಾಡುವ ನಾವು ಮಶ್ವರಾವನ್ನೂ ಮಾಡಬೇಕು. ದುಆ ಜೊತೆಗೆ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡುವುದೂ ಅದರ ಭಾಗವೇ.

ಇಂದು ಕೊಳ್ಳೇಗಾಲದಲ್ಲಿ ಶ್ರೀ ಮಹದೇಶ್ವರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ, ಜೆ.ಎಸ್.ಎಸ್. ಮಹಿಳಾ ಕಾಲೇಜಿದೆ. ಯಳಂದೂರು, ಹನೂರುಗಳಲ್ಲೂ ಸರ್ಕಾರಿ ಪದವಿ ಕಾಲೇಜುಗಳಿವೆ. ಚಾಮರಾಜನಗರದಲ್ಲಿ 2007ರಿಂದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, 2016ರಿಂದ ವೈದ್ಯಕೀಯ ಕಾಲೇಜು ಇವೆ. ದಿಂಬಂ ಘಾಟಿ ಇಳಿದು ಹೋಗಬೇಕಿದ್ದ ಕಾಲದ ಹೋಲಿಕೆಯಲ್ಲಿ ಇದು ಸಣ್ಣ ಮಾತಲ್ಲ. ದೂರದ ನಗರದ ಕಾಲೇಜು ಹಿಡಿಸದೆ ಮರಳಿ ಬಂದವಳಿಗೆ ಊರಿನ ಕಾಲೇಜು ಸೋಲಿನ ಜಾಗವಾಗಬೇಕಿಲ್ಲ. ಊರಿನ ಕಾಲೇಜಿನಿಂದ ಎದ್ದು ಮೈಸೂರಿಗೆ ಹೋಗಬೇಕೆನ್ನುವವಳು ಅಹಂಕಾರಿಯೂ ಅಲ್ಲ.

ಚರಕದ ಮುಂದೆ ಕೂತು ನೂಲು ಬಿಚ್ಚುವವರಿಗೆ ಗೊತ್ತು: ಗೂಡಿನ ಎಳೆ ನಡುವೆ ತುಂಡಾಗುವುದು ದಿನದಿನದ ಸಂಗತಿ. ಗೂಡನ್ನು ಯಾರೂ ಬಿಸಾಡುವುದಿಲ್ಲ, ತುದಿ ಹುಡುಕಿ ಮತ್ತೆ ಸೇರಿಸುತ್ತಾರೆ. ಈ ಜುಲೈಯಲ್ಲಿ ನಮ್ಮ ಮನೆಯ ಮಗು ಆ ಪ್ರಶ್ನೆ ಎತ್ತಿದರೆ, ಬಯ್ಯುವ ಮೊದಲು ಫೀಸಿನ ರಸೀದಿಯಲ್ಲಿರುವ ತಾರೀಖನ್ನು ಒಮ್ಮೆ ನೋಡೋಣ. ಆಮೇಲೆ ಅವಳ ಮಾತನ್ನು ಪೂರ್ತಿ ಕೇಳೋಣ.